ಅರ್ಜಿಯ ಚೌಕದಲ್ಲಿ ನನ್ನ ಗಂಡ

ನನ್ನ ಗಂಡ ಆರಿನ್ ಟ್ಯಾಕೆಟ್ ಸೆಪ್ಟೆಂಬರ್ ಒಂಬತ್ತರಂದು ನಮ್ಮ ಗ್ಯಾರೇಜಿನ ಮುಂದೆ ಬಿದ್ದು ಸತ್ತ. ಕೈಯಲ್ಲಿ ಒಂದು ರಟ್ಟಿನ ಡಬ್ಬ ಇತ್ತು. ಅದರೊಳಗೆ ಹಿಟ್ಟು ಕಲಸುವ ಪಿಂಗಾಣಿ ಬಟ್ಟಲು. ಬಟ್ಟಲು ಒಡೆಯಲಿಲ್ಲ. ಅವನು ಕಾಗದ ಸುತ್ತುತ್ತಿದ್ದದ್ದೇ ಹಾಗೆ.

ಚರ್ಚಿನವರು ಹಂದಿಮಾಂಸದ ಸ್ಯಾಂಡ್‌ವಿಚ್ಚು, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ ತಂದರು. ಹಠಾತ್ ಸಾವು, ಪುಣ್ಯವಂತ, ಅವನಿಗೇ ಗೊತ್ತಾಗಿರಲಿಕ್ಕಿಲ್ಲ ಎಂದರು. ನಾನು ನಂಬಿದೆ. ಐದು ವಾರ ನಂಬಿದೆ.

ಇಪ್ಪತ್ತಾರು ವರ್ಷ ಅವನು ಬ್ರೆಡ್ಡಿನ ಟ್ರಕ್ ಓಡಿಸಿದ. ಓಹಾಯೊದ ನಮ್ಮ ಕಡೆಯ ಯಾವ ಅಂಗಡಿಗೆ ಹೋದರೂ ಅವನು ಜೋಡಿಸಿಟ್ಟ ಬ್ರೆಡ್ ಇರುತ್ತಿತ್ತು. ನಾಲ್ಕು ವರ್ಷದ ಹಿಂದೆ ಮಂಡಿ ಕೆಟ್ಟ ಮೇಲೆ ಕೆಲಸ ಬಿಟ್ಟ. ಸುಮ್ಮನೆ ಕೂರಲು ಬಾರದ ಮನುಷ್ಯ. ಮಗಳ ವ್ಯಾಪಾರಕ್ಕೆ ಕೈ ಹಾಕಿದ.

ರೆನೀ ನಮಗೆ ಒಬ್ಬಳೇ. ಕಾಲೇಜಿನಲ್ಲಿದ್ದಾಗ ಪುಸ್ತಕದ ಖರ್ಚಿಗೆಂದು ಹಳೆ ಸಾಮಾನು ಕೊಂಡು ಇಂಟರ್ನೆಟ್ಟಿನಲ್ಲಿ ಮಾರಲು ಶುರು ಮಾಡಿದಳು. ಫೋಟೋ ಹಾಕುವುದು, ಬೆಲೆ ಬರೆಯುವುದು, ಯಾವುದೋ ಊರಿನವರು ಕೊಂಡರೆ ಡಬ್ಬಕ್ಕೆ ತುಂಬಿ ಅಂಚೆಗೆ ಹಾಕುವುದು. ಹೆಸರು ಅವಳದು. ಗ್ಯಾರೇಜು ನಮ್ಮದು. ಆರಿನ್ ಬಂದ ಮೇಲೆ ಅರ್ಧಕ್ಕಿಂತ ಹೆಚ್ಚು ಕೆಲಸ ಅವನದು.

ಇಲ್ಲಿ ಒಂಟಿಯಾಗಿದ್ದವರು ತೀರಿಕೊಂಡರೆ ಮಕ್ಕಳು ಬೇಕಾದ್ದನ್ನು ಒಯ್ದು, ಮಿಕ್ಕದ್ದಕ್ಕೆಲ್ಲ ಬೆಲೆ ಚೀಟಿ ಅಂಟಿಸಿ, ಮನೆ ಬಾಗಿಲು ತೆರೆದಿಡುತ್ತಾರೆ. ಜನ ಸಾಲು ನಿಂತು ನಂಬರು ತೆಗೆದುಕೊಂಡು ಒಳಗೆ ಹೋಗುತ್ತಾರೆ. ಸತ್ತವರ ಮಲಗುವ ಕೋಣೆವರೆಗೂ ಹೋಗುತ್ತಾರೆ. ಶುಕ್ರವಾರ ಬೆಳಿಗ್ಗೆ ಆ ಸಾಲಿನಲ್ಲಿ ಮೊದಲನೆಯವನು ಆರಿನ್. ಬೇರೆಯವರು ಸಾಮಾನು ಬಾಚಿಕೊಂಡು ಓಡುತ್ತಿದ್ದರು. ಇವನು ಮನೆಯವರನ್ನು ಹುಡುಕಿ, ಇದು ಯಾರದು, ಏನು ಮಾಡುತ್ತಿದ್ದರು ಎಂದು ಕೇಳಿ ಬರುತ್ತಿದ್ದ. ಆಮೇಲೆ ಒಂದು ಚೀಟಿ ಬರೆದು ಡಬ್ಬದೊಳಗೆ ಇಡುತ್ತಿದ್ದ. ‘ಈ ಬಟ್ಟಲು ಹೋಲ್ಕೂಂಬ್ ಅಮ್ಮನವರದು. ಶನಿವಾರ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದರು. ಎಡಗೈಯವರು.’

ಕೊಂಡವರಿಗೆ ಬಟ್ಟಲು ಬೇಕು, ಸತ್ತವರ ಸಮಾಚಾರ ಯಾರಿಗೆ ಬೇಕು ಎಂದು ನಾನು ರೇಗಿಸುತ್ತಿದ್ದೆ.

"ಹೆಸರಿಲ್ದೆ ಯಾರನ್ನೂ ಅಂಚೆಗೆ ಹಾಕೋಕೆ ಮನಸ್ಸು ಬರಲ್ಲ ಕಣೇ ವಾಂಡಾ," ಅನ್ನುತ್ತಿದ್ದ.

ಬಟ್ಟಲಿನ ಅಂಚನ್ನು ಉಗುರಿನಿಂದ ತಟ್ಟಿ ಕಿವಿ ಕೊಡುವುದನ್ನು ರೆನೀಗೆ ಅವನೇ ಕಲಿಸಿದ. ಚೆನ್ನಾಗಿದ್ದರೆ ಗಂಟೆಯ ಹಾಗೆ ಕೇಳುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಮಂಕಾಗಿ ಟಕ್ ಅನ್ನುತ್ತದೆ.

ಈ ವರ್ಷ ರೆನೀ ಡಾಕ್ಟರ್ ಓದಿಗೆ ಅರ್ಜಿ ಹಾಕಿದಳು. ಆಸ್ಪತ್ರೆಯಲ್ಲಿ ರೋಗಿಗಳನ್ನು ಮಗ್ಗುಲಾಗಿಸುವ, ಒರೆಸುವ ಕೆಲಸ ಮಾಡುತ್ತಲೇ ಅದಕ್ಕೆ ಓದಿಕೊಂಡಿದ್ದಳು. ಅರ್ಜಿಯಲ್ಲಿ ಹದಿನೈದು ಚೌಕ ಇರುತ್ತವಂತೆ. ಬದುಕಿನಲ್ಲಿ ಏನೇನು ಮಾಡಿದೆ, ಎಷ್ಟು ಗಂಟೆ ಮಾಡಿದೆ ಎಂದು ಬರೆಯಬೇಕು. ಒಂದೊಂದಕ್ಕೂ ಸಾಕ್ಷಿ ಹೇಳುವವರ ಹೆಸರು, ಫೋನ್ ನಂಬರು ಕೊಡಬೇಕು. ಹಳೆ ಸಾಮಾನಿನ ವ್ಯಾಪಾರ ಬರೆಯಬೇಡ, ಡಾಕ್ಟರ್ ಅರ್ಜಿಗೆ ಅದು ಶೋಭೆಯಲ್ಲ ಎಂದು ಕಾಲೇಜಿನಲ್ಲಿ ಸಲಹೆ ಕೊಡುವವನು ಹೇಳಿದ್ದನಂತೆ. ಊಟದ ಮೇಜಿನಲ್ಲಿ ಅವಳು ಇದನ್ನು ಹೇಳಿದಾಗ ಆರಿನ್ ನಕ್ಕ.

"ಹಳೇದನ್ನ ನೋಡಿ ಎಲ್ಲಿ ಬಿರುಕು ಬಿಟ್ಟಿದೆ ಅಂತ ಹೇಳೋದು. ಡಾಕ್ಟರ್ ಮತ್ತಿನ್ನೇನು ಮಾಡ್ತಾನೆ? ಬರಿ ಮಗಳೇ."

ಬರೆದಳು. ಸಾಕ್ಷಿಗೆ ಅಪ್ಪನ ಹೆಸರು ಕೊಟ್ಟಳು. ಅದು ಜೂನ್‌ನಲ್ಲಿ. ಏನು ಬರೆದಳೆಂದು ನಾನು ಕೇಳಲಿಲ್ಲ. ನಾನು ಹತ್ತನೆಯ ತರಗತಿಗೇ ಬಿಟ್ಟವಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅರ್ಜಿಗಳ ಹತ್ತಿರ ಹೋಗುವವಳಲ್ಲ.

ಇನ್ನೊಂದು ಹೇಳಬೇಕು. ಹೋದ ಚಳಿಗಾಲದಿಂದ ಆರಿನ್ ಡಬ್ಬಗಳನ್ನು ಒಂದೊಂದಾಗಿ ಹೊರತೊಡಗಿದ್ದ. ಮೊದಲು ಎರಡೆರಡು ಹೊರುತ್ತಿದ್ದ. ನಾನು ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದೆ.

"ಏನಪ್ಪಾ, ಒಂದೊಂದೇ ಹೊತ್ಕೊಂಡು ಮೆರವಣಿಗೆನಾ? ಸೋಮಾರಿ."

"ಸಾಮಾನಿಗೆ ವಯಸ್ಸಾಗಿದೆ ಕಣೇ, ಮೆಲ್ಲಗೆ ನಡಿ ಅಂತಿದೆ."

ಊಟದಲ್ಲೂ ಹಾಗೆಯೇ. ನಾನು ಕೊಚ್ಚಿದ ಮಾಂಸ ಕಲಸಿ ಬೇಯಿಸಿದ ಮೀಟ್‌ಲೋಫನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ಮೂವತ್ತು ವರ್ಷ ತಿಂದದ್ದು ಈಗ ಹಿಡಿಸುವುದಿಲ್ಲವೋ ಎಂದು ಎರಡು ದಿನ ಮಾತು ಬಿಟ್ಟಿದ್ದೆ.

ಅಕ್ಟೋಬರ್‌ನ ಒಂದು ಮಂಗಳವಾರ ಮಧ್ಯಾಹ್ನ ಅವನ ಫೋನ್ ಹೊಡೆದುಕೊಂಡಿತು. ಸತ್ತವನ ಫೋನಿಗೆ ನಾನು ದಿನಾ ಚಾರ್ಜ್ ಹಾಕುತ್ತಿದ್ದೆ. ಯಾಕೆ ಎಂದು ಕೇಳಬೇಡಿ. ಎತ್ತಿದೆ. ಡಾಕ್ಟರ್ ಕಾಲೇಜಿನ ಹೆಂಗಸು. ಆರಿನ್ ಟ್ಯಾಕೆಟ್ ಇದ್ದಾರಾ ಎಂದಳು. ಸತ್ತ, ನಾನು ಹೆಂಡತಿ ಎಂದೆ. ಅವಳು ಸಂತಾಪ ಹೇಳಿ, ಮಗಳ ವ್ಯಾಪಾರದ ಬಗ್ಗೆ ನಿಮಗೆ ಗೊತ್ತಿದ್ದರೆ ಒಂದೆರಡು ಪ್ರಶ್ನೆ ಕೇಳಬಹುದೇ ಎಂದಳು.

ನನ್ನ ತಲೆ ಓಡಿದ್ದು ಹೀಗೆ. ಅಪ್ಪ ಮಾಡಿದ ಕೆಲಸವನ್ನು ಹುಡುಗಿ ತನ್ನದೆಂದು ಬರೆದುಕೊಂಡಿದ್ದಾಳೆ ಎಂದು ಇವರು ಹಿಡಿಯುತ್ತಾರೆ. ಸೀಟು ಹೋಗುತ್ತದೆ. ಹಿಡಿಯಲು ಬಿಡಬಾರದು.

"ಎಲ್ಲಾ ಅವಳೇ ಮಾಡಿದ್ದು," ಎಂದೆ. "ಅವರಪ್ಪ ಒಂದು ಡಬ್ಬಾನೂ ಮುಟ್ಟಿದವನಲ್ಲ. ಸೋಫಾ ಮೇಲೆ ಬಿದ್ಕೊಂಡಿರ್ತಿದ್ದ."

ಆ ಕಡೆ ಟೈಪ್ ಮಾಡುವ ಸದ್ದು ನಿಂತಿತು.

"ಅರ್ಜಿಯಲ್ಲಿ ಬೇರೆ ಥರ ಇದೆಯಲ್ಲ ಮೇಡಂ."

"ಹಾಗಾದ್ರೆ ಅರ್ಜಿ ತಪ್ಪು."

ಅವಳು ತನ್ನ ನಂಬರು ಕೊಟ್ಟಳು. ಇದನ್ನು ಗುರುವಾರ ಸಮಿತಿಯ ಮುಂದೆ ಇಡಬೇಕಾಗುತ್ತದೆ ಎಂದಳು. ನಾನು ಗೆದ್ದೆ ಎಂದುಕೊಂಡೆ.

ಸಂಜೆ ರೆನೀ ಬಂದಾಗ ಹೆಮ್ಮೆಯಿಂದಲೇ ಹೇಳಿದೆ. ಅವಳು ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತುಬಿಟ್ಟಳು.

"ಅಮ್ಮಾ, ಸುಳ್ಳು ಅರ್ಜಿ ಅಂತ ಒಂದ್ಸಲ ಬಿದ್ರೆ ಆಯ್ತು. ಯಾವ ಕಾಲೇಜೂ ತಗೊಳ್ಳಲ್ಲ. ಈ ವರ್ಷ ಅಲ್ಲ, ಯಾವತ್ತೂ."

ಹಾಗಿದ್ದರೆ ಏನು ಬರೆದಿದ್ದೀಯ ತೋರಿಸು ಎಂದೆ. ಬೇಡ ಎಂದಳು. ಆ ಮನುಷ್ಯನನ್ನು ಮಣ್ಣು ಮಾಡಿದವಳು ನಾನು, ತೋರಿಸು ಎಂದೆ. ಅವಳು ಕಂಪ್ಯೂಟರ್ ತೆರೆದಿಟ್ಟು, ಪಾತ್ರೆ ತೊಳೆಯುವ ಕಡೆ ಹೋಗಿ ನಿಂತಳು. ನನಗೆ ಬೆನ್ನು ಮಾಡಿ.

ನಾನು ಬೆರಳಿಟ್ಟು ಓದಿದೆ. ವ್ಯಾಪಾರ ನನ್ನ ಹೆಸರಲ್ಲಿದೆ, ನಡೆಸುವವನು ನನ್ನ ಅಪ್ಪ ಎಂದು ಮೊದಲ ಸಾಲು. ಚೀಟಿಗಳ ಬಗ್ಗೆ ಇತ್ತು. ಬಟ್ಟಲು ತಟ್ಟುವುದು ಇತ್ತು. ಆಮೇಲೆ ಇದು: ‘ಜನವರಿಯಲ್ಲಿ ಅಪ್ಪ ಎರಡು ಡಬ್ಬದ ಬದಲು ಒಂದನ್ನೇ ಹೊರುವುದು ನೋಡಿದೆ. ಕಾರಿಗೆ ಹೋಗುವಷ್ಟರಲ್ಲಿ ಒಮ್ಮೆ ನಿಲ್ಲುತ್ತಿದ್ದ. ಪಾದ ಊದಿತ್ತು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೃದಯ ಸೋತಿದೆ ಎಂದರು. ಉಪ್ಪು ಬಿಡಿ ಎಂದರು. ಅಪ್ಪನಿಗೆ ತನ್ನ ಸ್ಥಿತಿ ಗೊತ್ತು. ಅಮ್ಮನಿಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಆ ಮಾತು ಉಳಿಸಿಕೊಳ್ಳುವುದು ಸರಿಯೋ ತಪ್ಪೋ ನನಗೆ ಇನ್ನೂ ತಿಳಿದಿಲ್ಲ.’

ಮತ್ತೆ ಮೊದಲಿನಿಂದ ಓದಿದೆ. ಅಕ್ಷರ ಬದಲಾಗಲಿಲ್ಲ.

"ಯಾಕೆ?" ಎಂದೆ.

"ತಾತನೂ ಹೃದಯ ಸೋತೇ ಹೋದ್ರಲ್ಲ. ನೀನು ಎರಡು ವರ್ಷ ರಾತ್ರಿ ಎಲ್ಲಾ ಅವರ ಉಸಿರು ಎಣಿಸ್ಕೊಂಡು ಕೂತಿದ್ಯಂತೆ. ಇನ್ನೊಂದ್ಸಲ ಅವಳನ್ನ ಹಾಗೆ ಕೂರಿಸಲ್ಲ ಅಂದ ಅಪ್ಪ."

"ಕಾಲೇಜಿನ ಸಮಿತಿಗೆಲ್ಲ ಗೊತ್ತು. ನನಗೆ ಗೊತ್ತಿಲ್ಲ. ನಾನು ಅವನಿಗೆ ಉಪ್ಪು ಹಾಕಿ ಹಾಕಿ ಬಡಿಸ್ದೆ ರೆನೀ. ಸೋಮಾರಿ ಅಂದೆ."

ನಾನು ಅವಳಿಗೆ ಊಟ ಬಡಿಸದೆ ಹೋಗಿ ಮಲಗಿದೆ. ಹಾಗೆ ಹಿಂದೆ ಯಾವತ್ತೂ ಮಾಡಿರಲಿಲ್ಲ.

ಬೆಳಿಗ್ಗೆ ಶಾಲೆಗೆ ಬರುವುದಿಲ್ಲ ಎಂದು ಹೇಳಿ, ಕಾಲೇಜಿನ ನಂಬರು ಒತ್ತಿದೆ. ನಿನ್ನೆ ಹೇಳಿದ್ದು ಸುಳ್ಳು, ಹೇಳಿದವಳು ನಾನು, ನನ್ನ ಮಗಳಲ್ಲ ಎಂದೆ. ಆಮೇಲೆ ಅವನ ವಿಷಯ ಹೇಳಿದೆ. ಟ್ರಕ್ಕು, ಮಂಡಿ, ಶುಕ್ರವಾರದ ಸಾಲು, ಚೀಟಿ, ಕಾಗದ ಸುತ್ತುವ ರೀತಿ. ಅವನು ಸೋಫಾದ ಮೇಲೆ ಮಲಗಿದ್ದನ್ನು ನಾನು ನೋಡಿದ್ದು ಕಡಿಮೆ ಎಂದೆ. ಮಲಗಿದ್ದರೆ ಚೆನ್ನಾಗಿತ್ತು ಎಂದೆ. ಕೊನೆಗೆ ಅವಳದು ಒಂದೇ ಪ್ರಶ್ನೆ.

"ಅವರ ಕಾಯಿಲೆ ವಿಷಯ ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ನಿನ್ನೆ ಸಂಜೆ," ಎಂದೆ. "ನಿಮಗೆ ಜೂನ್‌ನಲ್ಲೇ ಗೊತ್ತಾಗಿತ್ತಲ್ಲ."

ನೀವು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ ಎಂದಳು.

ಹನ್ನೆರಡು ದಿನಕ್ಕೆ ರೆನೀಗೆ ಸಂದರ್ಶನಕ್ಕೆ ಕರೆ ಬಂತು. ಅವಳ ಅಂಗಿಗೆ ನಾನೇ ಇಸ್ತ್ರಿ ಹಾಕಿದೆ. ಆದರೆ ಸರಿಯಾಗಿ ಮಾತಾಡಲು ನನಗೆ ಇನ್ನೂ ಆಗುತ್ತಿಲ್ಲ. ಅವಳಿಗೂ ಗೊತ್ತು. ಅವಳು ಕಾಯುತ್ತಾಳೆ.

ಅವಳು ಸಂದರ್ಶನಕ್ಕೆ ಹೋದ ಮೇಲೆ ಗ್ಯಾರೇಜಿಗೆ ಹೋದೆ. ಅವನ ಕೈಯಲ್ಲಿದ್ದ ಡಬ್ಬ ಅಲ್ಲೇ ಇತ್ತು, ಹೋಲ್ಕೂಂಬ್ ಅಮ್ಮನ ಬಟ್ಟಲು. ಕೊಂಡವರು ಇನ್ನೂ ಕಾಯುತ್ತಿದ್ದರು. ವಿಳಾಸ ಅವನ ಕೈಬರಹ. ಅಂಚೆಗೆ ಹಾಕೋಣ ಎಂದು ಎತ್ತಿದೆ. ನಾಲ್ಕು ವರ್ಷದಲ್ಲಿ ನಾನು ಒಂದು ಡಬ್ಬವನ್ನೂ ಎತ್ತಿದವಳಲ್ಲ. ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

ಕಾರಿನವರೆಗೆ ಹನ್ನೊಂದು ಹೆಜ್ಜೆ. ಏಳನೆಯ ಹೆಜ್ಜೆಗೆ ನಿಂತೆ.