ಎರಡು ಲೀಟರ್ ಔಷಧಿ, ತಡಸದಲ್ಲೊಂದು ನಿಲುಗಡೆ

ಸವಣೂರಿಗೆ ಬಂದ ಮೂರನೆಯ ದಿನ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೆ. ಮನೆಯ ಮಾಲಕಿ ಗಂಗವ್ವ ಎದುರಿನ ಕಟ್ಟೆಯಿಂದಲೇ ಕೇಳಿದರು: "ಯಾಕ್ರೀ ಅಕ್ಕಾರ, ಮಾರಿ ಬಾಡೇತಿ? ಸಂಡಾಸ ಖುಲಾಸಾ ಆಗಿಲ್ಲೇನ್ರಿ?" ಸಂಡಾಸ ಗೊತ್ತಿತ್ತು, ಖುಲಾಸಾ ಎಂದರೆ ಸಲೀಸು ಎಂದು ಆಮೇಲೆ ತಿಳಿಯಿತು. ಬೀದಿಯಲ್ಲಿ ನಿಂತಿದ್ದ ನಾಲ್ವರೂ ನನ್ನ ಉತ್ತರಕ್ಕೆ ಕಾದರು. ನಾನು ಕೊಡ ಬಿಟ್ಟು ಒಳಗೆ ಓಡಿದೆ.

ಮೈಸೂರಿನ ನಮ್ಮ ವೈಷ್ಣವ ಮನೆಯಲ್ಲಿ ವೇದಾಂತ, ವ್ಯಾಕರಣ ಎಲ್ಲದರ ಚರ್ಚೆ ಇತ್ತು, ಹೊಟ್ಟೆಯ ಕೆಳಗಿನದೊಂದು ಬಿಟ್ಟು. ಅಪ್ಪ ತನಗೆ ರಕ್ತ ಹೋಗುತ್ತಿದ್ದುದನ್ನು ಮರ್ಯಾದೆಗೆ ಅಂಜಿ ಮುಚ್ಚಿಟ್ಟರು. ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಆ ಮರ್ಯಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹಾಗಾಗಿ ಇಲ್ಲಿನ ಕಾಲೇಜಿನ ಗ್ರಂಥಪಾಲಕಿಯಾಗಿ ನಾಲ್ಕು ವರ್ಷ ಕಳೆದ ಮೇಲೆ ನನಗೂ ರಕ್ತ ಕಂಡಾಗ, ಮೊದಲು ಹೇಳಿದ್ದು ಗಂಗವ್ವನಿಗೆ. ಆಮೇಲೆ ಮೈಸೂರಿನ ತಮ್ಮನಿಗೆ. ಅವನು, ಇಲ್ಲಿಗೇ ಬಂದುಬಿಡು, ಊರಿಗೆಲ್ಲ ಡಂಗುರ ಹೊಡೆಯಬೇಡ ಎಂದ. ನಾನು ಬರುವುದಿಲ್ಲ ಎಂದೆ.

ಹುಬ್ಬಳ್ಳಿಯ ವೈದ್ಯರು ಕ್ಯಾಮೆರಾ ಹಾಕಿ ನೋಡಲು ಕರುಳು ತೊಳೆದಂತಿರಬೇಕು ಎಂದರು. ಚಿಕ್ಕ ಬಾಟಲಿಯ ಔಷಧಿ ಕುಡಿಯಲು ಸುಲಭ, ಆದರೆ ಮೂತ್ರಪಿಂಡ ಸ್ವಲ್ಪ ಸೋತಿರುವ ನನಗೆ ಅದು ಬೇಡ. ಎರಡು ಲೀಟರ್ ನೀರಿಗೆ ಕಲಸುವ ಉಪ್ಪುಪ್ಪು ಪುಡಿಯೇ ಗತಿ. ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ಬೆಳಿಗ್ಗೆ ಕುಡಿದರೆ ಚೆನ್ನಾಗಿ ತೊಳೆಯುತ್ತದೆ. ಮೂರು ದಿನ ಮೊದಲಿಂದ ಸೊಪ್ಪು, ಕಾಳು, ಬೀಜ ಮುಟ್ಟಬಾರದು. ಬಿಳಿ ಅನ್ನ, ಮಜ್ಜಿಗೆ ಸಾಕು.

ನಾನು ಎರಡು ತಪ್ಪು ಮಾಡಿದೆ. ಬಸ್ಸಿನಲ್ಲಿ ಫಜೀತಿಯಾದೀತೆಂದು ಹೆದರಿ ಎರಡೂ ಲೀಟರನ್ನು ಸಂಜೆಯೇ ಕುಡಿದು ಮುಗಿಸಿದೆ. ಇನ್ನೊಂದು, ಅಗಸೆ ಹಿಂಡಿ. ಅಗಸೆ ಬೀಜ ಹುರಿದು, ಕಾರ ಬೆಳ್ಳುಳ್ಳಿ ಹಾಕಿ ಕುಟ್ಟಿದ ಈ ಪುಡಿಯನ್ನು ಬಂದ ಹೊಸದರಲ್ಲಿ ಮೂಸಿಯೂ ನೋಡದವಳು, ಈಗ ಅದಿಲ್ಲದೆ ಅನ್ನ ನುಂಗಲಾರೆ. ಪುಡಿಯಾದ ಮೇಲೆ ಬೀಜವೇನು ಬಂತು ಎಂದು ಮೂರು ದಿನವೂ ಕಲಸಿ ಉಂಡೆ. ಕರುಳಿನ ಗೋಡೆಗೆಲ್ಲ ಅಗಸೆಯ ಸಿಪ್ಪೆ ಅಂಟಿದೆ, ಏನೂ ಕಾಣುತ್ತಿಲ್ಲ, ಇನ್ನೊಮ್ಮೆ ಬನ್ನಿ ಎಂದರು ವೈದ್ಯರು.

ತಮ್ಮ ಮತ್ತೆ ಮೈಸೂರಿಗೆ ಕರೆದ. ಗಂಗವ್ವ ಮಾತ್ರ ಹಿಂಡಿಯ ಡಬ್ಬಿಯನ್ನು ಒಯ್ದು ತಮ್ಮಲ್ಲೇ ಇಟ್ಟುಕೊಂಡು, "ತಡಸದಾಗ ನಮ್ಮ ತಂಗಿ ಅದಾಳ್ರಿ. ಅರ್ಧಾ ಇಲ್ಲಿ ಕುಡೀರಿ, ಅರ್ಧಾ ಅಲ್ಲಿ. ಹೊಟ್ಟಿ ತಣ್ಣಗಾದ ಮ್ಯಾಲ ಹುಬ್ಬಳ್ಳಿ ಬಸ್ ಹತ್ತೂಣು" ಎಂದರು. ವೈದ್ಯರನ್ನು ಕೇಳಿ ಮಧ್ಯಾಹ್ನದ ಸಮಯ ಪಡೆದೆ. ಆ ದಿನ ಗಂಗವ್ವನೊಂದಿಗೆ ಬೆಳಗಿನ ಮೊದಲ ಬಸ್ಸಿಗೆ ಶಿಗ್ಗಾಂವಿ ದಾಟಿ ತಡಸದಲ್ಲಿಳಿದು, ಮುಖ ಪರಿಚಯವೂ ಇಲ್ಲದ ಹೆಂಗಸಿನ ಮನೆಯಲ್ಲಿ ಉಳಿದ ಒಂದು ಲೀಟರ್ ಔಷಧಿ ಕುಡಿದೆ. ಅವರ ಮನೆಯವರೆಲ್ಲ ಹಿತ್ತಲಿನ ಸಂಡಾಸವನ್ನು ನನಗೇ ಬಿಟ್ಟುಕೊಟ್ಟು ತಾವು ನೆರೆಮನೆಗೆ ಹೋದರು. ಇಂಥ ಉಪಚಾರ ನನಗೆ ಯಾವ ಮದುವೆ ಮನೆಯಲ್ಲೂ ಆಗಿಲ್ಲ.

ಕರುಳು ಸ್ವಚ್ಛವಾಗಿತ್ತು. ಒಂದು ಸಣ್ಣ ಗಂಟು ಸಿಕ್ಕಿತು, ತೆಗೆದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಿತ್ತು. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಲಿ ಎಂದರು.

ತಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯ ಭಾಷೆಯಲ್ಲಿ ಆ ಪ್ರಶ್ನೆ ಬಾಯಿಗೇ ಬರಲಿಲ್ಲ. ಸವಣೂರಿನ ಮಾತಿನಲ್ಲೇ ಕೇಳಿದೆ: "ಸಂಡಾಸ ಖುಲಾಸಾ ಆಗತೈತೇನೋ? ರಕ್ತ ಏನರ ಹೊಕ್ಕೈತೇನು?"

ಅವನು ನಗಲಿಲ್ಲ. ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ, "ಎರಡು ತಿಂಗಳಿಂದ ಹೋಗ್ತಿದೆ ಕಣೇ ಅಕ್ಕ. ಯಾರಿಗೂ ಹೇಳಿಲ್ಲ" ಎಂದ.

ತಮ್ಮನ ಪರೀಕ್ಷೆಗೆಂದು ನಾಳೆ ಮೈಸೂರಿಗೆ ಹೊರಟಿದ್ದೇನೆ. ಪ್ರತಿ ಸಲ ಒಯ್ಯುತ್ತಿದ್ದ ಹಿಂಡಿಯ ಡಬ್ಬಿ ಈ ಸಲ ಇಲ್ಲ. ಅಲ್ಲಿ ನನ್ನ ಮಾತು ಕೇಳಿ ಹುಬ್ಬಳ್ಳಿ ಕಡೆಯವಳಾದಳು ಎನ್ನುತ್ತಾರೆ. ಇಲ್ಲಿ ಇನ್ನೂ ನಾನು ಮೈಸೂರು ಅಕ್ಕಾರು. ಎರಡೂ ಕಡೆ ಹೊರಗಿನವಳು, ಇರಲಿ. ಅಪ್ಪ ಬಾಯಿ ಮುಚ್ಚಿಕೊಂಡು ಕೂತಿದ್ದ ಆ ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ತಮ್ಮನನ್ನು ಕೇಳುತ್ತೇನೆ: ಔಷಧಿ ಎಷ್ಟು ಕುಡಿದೆ, ಎಷ್ಟು ಉಳಿಯಿತು?