ಐದನೆಯ ಕಟ್ಟೆಯ ಕೊನೆಯ ತಟ್ಟೆ

ಆಯುಧ ಹಿಡಿದು ಮನೆಯಿಂದ ಹೊರಡುವ ಮನುಷ್ಯನ ಮುಖದಲ್ಲಿ ಒಂದು ಗಾಂಭೀರ್ಯ ತಾನಾಗಿಯೇ ಮೂಡುತ್ತದೆ. ಯುಗಯುಗಗಳಿಂದಲೂ ಹೀಗೆಯೇ ಇರಬೇಕು. ನವೆಂಬರ್ ತಿಂಗಳ ಆ ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮಿಬ್ಬರ ಮುಖದಲ್ಲೂ ಅದು ಮೂಡಿತ್ತು. ಪುಣೆಯ ಕೋಥರೂಡಿನ ನಮ್ಮ ಸೊಸೈಟಿಯ ಗೇಟಿನಲ್ಲಿದ್ದ ಕಾವಲುಗಾರ ಉದ್ದನೆಯ ಚರ್ಮದ ಪೆಟ್ಟಿಗೆಯನ್ನು ನೋಡಿ, "ಭಜನೇಲಾ ಕಾ, ಕಾಕಾ?" ಎಂದು ಕೇಳಿದ. ಒಳಗೆ ತಂಬೂರಿ ಇದೆಯೆಂದು ತಿಳಿದಿದ್ದ. ವಾಮನ ಕೈಮುಗಿದು "ಹೋ, ಭಜನೇಲಾ" ಎಂದ. ಗಾಂಭೀರ್ಯ ಅಲ್ಲಿಗೆ ಮುಗಿಯಿತು.

ವಾಮನ ನನ್ನ ನಲವತ್ತು ವರ್ಷದ ಗೆಳೆಯ. ಬೆಳಗಾವಿ ಕಡೆಯವನು, ರವಿವಾರ ಪೇಠೆಯಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ ನಡೆಸಿದವನು. ಪೆಟ್ಟಿಗೆಯಲ್ಲಿದ್ದದ್ದು ಅವನ ತಂದೆಯ ಜೋಡುನಳಿಗೆಯ ಬಂದೂಕು. ಅದರಿಂದ ಅವನು ಎಂದೂ ಒಂದು ಪಾರಿವಾಳವನ್ನೂ ಕೊಂದವನಲ್ಲ. ಯಂತ್ರ ಗಾಳಿಗೆ ಎಸೆಯುವ ಮಣ್ಣಿನ ತಟ್ಟೆಗಳನ್ನು ಹೊಡೆಯುವುದೇ ಅವನ ವ್ಯಸನ. ಅವನ ದೆಸೆಯಿಂದ ನನಗೂ ಅಂಟಿಕೊಂಡಿತು, ನನಗೆ ಅಂಟಿದ್ದು ವ್ಯಸನ ಮಾತ್ರ, ಗುರಿಯಲ್ಲ. ಎರಡು ವರ್ಷದಿಂದ ಅವನ ಬಲಗಣ್ಣು ಕೆಡುತ್ತಿದೆ. ನೋಡಿದ ವಸ್ತುವಿನ ನಟ್ಟನಡುವೆ ಮಸಿ ಬಳಿದಂತೆ ಕಾಣುತ್ತದಂತೆ. ಬಂದೂಕಿನ ಪರವಾನಗಿ ನವೀಕರಿಸುವ ಕಾಲ ಹತ್ತಿರ ಬಂದಿತ್ತು.

"ಇಪ್ಪತ್ತೈದು ತಟ್ಟಿ ಒಳಗ ಹದಿಮೂರು," ಎಂದ ವಾಮನ, ಹಡಪಸರದ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ. "ಅರ್ಧಕ್ಕಿಂತ ಒಂದು ಹೆಚ್ಚು. ಅಷ್ಟು ಬಿದ್ರ ಫಾರ್ಮ್ ತುಂಬ್ತೀನಿ. ಹನ್ನೆರಡಾದ್ರ ಇದನ್ನ ಬಂದೂಕಿನ ಅಂಗಡಿಗೆ ಮಾರಾಕ ಒಪ್ಪಸೂದು."

"ಹನ್ನೆರಡೂವರೆ ಆದ್ರ?"

"ನೀ ಸುಮ್ನ ಗಾಡಿ ಹೊಡಿ."

ದಿವೆ ಘಾಟಿನಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಸಾಸವಡದಲ್ಲಿ ಖಾರದ ಮಿಸಳ ತಿಂದೆವು: ಪ್ಲೇಟಿಗೆ ತೊಂಬತ್ತು ರೂಪಾಯಿ, ಕಣ್ಣೀರು ಉಚಿತ. ಅಲ್ಲಿಂದ ಹನ್ನೆರಡು ಕಿಲೋಮೀಟರ್, ಕೊನೆಯ ಮೂರು ಕಿಲೋಮೀಟರಿಗೆ ರಸ್ತೆ ಎಂಬ ಹೆಸರು ಮಾತ್ರ ಇತ್ತು. ಶೂಟಿಂಗ್ ಮೈದಾನವೆಂದರೆ ಬೋಳು ಗುಡ್ಡದ ಇಳಿಜಾರಿನಲ್ಲಿ ಐದು ಕಲ್ಲಿನ ಕಟ್ಟೆಗಳು. ಶೂಟರ್ ಒಂದೊಂದು ಕಟ್ಟೆಗೂ ನಡೆದು ಹೋಗಿ ಐದೈದು ತಟ್ಟೆ ಹೊಡೆಯಬೇಕು. ಒಂದು ಕಡೆ ತಟ್ಟೆ ಕೌಜುಗದಂತೆ ಪೊದೆಯಿಂದ ಎದ್ದು ಹಾರುತ್ತದೆ, ಇನ್ನೊಂದು ಕಡೆ ಮೊಲದಂತೆ ನೆಲದ ಮೇಲೆ ಉರುಳುತ್ತದೆ, ಮತ್ತೊಂದು ಕಡೆ ತಲೆಯ ಮೇಲಿಂದ ಹಾಯುತ್ತದೆ. ಇಂಥ ಒಂದು ಸುತ್ತಿಗೆ ಎರಡು ಸಾವಿರ ರೂಪಾಯಿ, ಕಾಡತೂಸು ಬೇರೆ.

ಅಲ್ಲಿನ ಪದ್ಧತಿ ಸರಳ. ಒಬ್ಬ ಹೊಡೆಯುವಾಗ ಅವನ ಜೊತೆಗಾರ ಹಿಂದೆ ನಿಂತು "ಹಿಟ್" ಅಥವಾ "ಲಾಸ್ಟ್" ಎಂದು ಕೂಗಿ ಕಾರ್ಡಿನಲ್ಲಿ ಬರೆಯಬೇಕು. ತಟ್ಟೆಯಿಂದ ಒಂದು ತುಂಡಾದರೂ ಕಣ್ಣಿಗೆ ಕಾಣುವಂತೆ ಹಾರಿದರೆ ಹಿಟ್. ಬರೀ ಪುಡಿ ಹಾರಿದರೆ ಲೆಕ್ಕಕ್ಕಿಲ್ಲ. ಹೊಡೆದವನು ವಾದಿಸುವಂತಿಲ್ಲ. ನಾನು ಮೂವತ್ತು ವರ್ಷ ಚಾಕಣದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಗೇಜಿನಲ್ಲಿ ಅಳೆದು ಪಾಸು ಮಾಡಿದವನು. ಕೂದಲೆಳೆ ಹೆಚ್ಚಾದರೂ ಕೆಂಪು ಬಣ್ಣ ಹಚ್ಚಿ ಬದಿಗೆ ಎಸೆದವನು. ಇಂಥ ಕೆಲಸಕ್ಕೆ ನನಗಿಂತ ಯೋಗ್ಯರಿಲ್ಲ ಎಂದು ಆವತ್ತಿನವರೆಗೆ ನಂಬಿದ್ದೆ.

ಮೊದಲ ಕಟ್ಟೆಯಲ್ಲಿ ವಾಮನ ಮೂರು ಹೊಡೆದ. ತಟ್ಟೆ ಬೇಕಾದಾಗ ಶೂಟರ್ "ಪುಲ್" ಎಂದು ಕೂಗಬೇಕು. ವಾಮನ ಕೂಗಿದರೆ ಗೋದಾಮಿನ ಹಮಾಲನನ್ನು ಕರೆದಂತಿರುತ್ತದೆ. ಎರಡನೆಯ ಕಟ್ಟೆಯಲ್ಲಿ ಎರಡು ಬಿತ್ತು, ಎರಡು ತಪ್ಪಿತು. ಐದನೆಯದೂ ತಪ್ಪಿತು. ತಟ್ಟೆ ಇಡಿಯಾಗಿ ಕಣಿವೆಗೆ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ನೋಡಿ, "ಹಿಟ್" ಎಂದೆ.

ಗುಂಡಿನ ಸದ್ದು ತಡೆಯಲು ಹಾಕಿಕೊಳ್ಳುವ ಕಿವಿಯ ಮುಚ್ಚಳವನ್ನು ವಾಮನ ಮೇಲೆತ್ತಿಕೊಂಡು ನಿಂತಿದ್ದ. ಗುಂಡು ಹಾರಿಸಿದ ತಕ್ಷಣ ಮುಚ್ಚಳ ಎತ್ತುವುದು ಅವನ ಅಭ್ಯಾಸ ಎಂಬುದನ್ನು ನಾನು ಗಮನಿಸಿರಲಿಲ್ಲ.

"ಏನಂದಿ?"

"ಹಿಟ್ ಅಂದೆ. ಅಂಚು ಹಾರ್ತಲ್ಲ."

"ಯಾವ ಅಂಚು? ಇಡೀ ತಟ್ಟಿ ಕೆಳಗ ಕಲ್ಲಿನ ಮ್ಯಾಲ ಬಿದ್ದದ್ದು ಕೇಳೇನಿ ನಾ. ಜೀವಮಾನ ಪೂರ್ತಿ ತಪೇಲಿ ಬಡದು ನೋಡೇನಿ ಲೇ, ಗಟ್ಟಿ ಇದ್ದದ್ದು ಬಿದ್ರ ಸಪ್ಪಳನ ಬ್ಯಾರೆ, ಸೀಳಿದ್ದು ಬಿದ್ರ ಬ್ಯಾರೆ. ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ನಂಗ ಭಿಕ್ಷಾ ಹಾಕಬ್ಯಾಡ."

ಕಾರ್ಡು ಕಸಿದುಕೊಂಡು ಎಡಗಣ್ಣಿಗೆ ಹಿಡಿದು ಆ ಗುರುತನ್ನು ತಾನೇ ಹೊಡೆದುಹಾಕಿದ. ಆಮೇಲೆ, ಇನ್ನು ಕಂಡದ್ದನ್ನೇ ಹೇಳುತ್ತೇನೆಂದು ಆಣೆ ಮಾಡು ಎಂದ.

"ದೇವರಾಣಿಗೂ," ಎಂದೆ.

"ದೇವರದು ಬ್ಯಾಡ, ಅವ ಎಲ್ಲಾ ಕ್ಷಮಾ ಮಾಡ್ತಾನ. ನಿನ್ನ ಗೇಜಿನ ಆಣಿ ಮಾಡು. ಚಾಕಣದಾಗ ಹೆಂಗ ಕೆಂಪು ಬಣ್ಣ ಹಚ್ಚತಿದ್ದಿ, ಇಲ್ಲೂ ಹಂಗ ಹಚ್ಚಬೇಕು."

ಗೇಜಿನ ಮೇಲೆ ಆಣೆ ಮಾಡಿದೆ. ಅವನಿಗೆ ಸಮಾಧಾನವಾಯಿತು. "ಇನ್ನ ನಾ ಕಿವಿಗೊಟ್ಟು ಕೇಳಂಗಿಲ್ಲ. ನೀ ಅಂದದ್ದ ಖರೆ," ಎಂದು ಮುಚ್ಚಳ ಭದ್ರ ಮಾಡಿಕೊಂಡ. ಮುಂದೆ ಅದನ್ನು ಎತ್ತಲಿಲ್ಲ.

ಮೂರನೆಯದಾದ ಮೊಲದ ಕಟ್ಟೆಯಲ್ಲಿ ಒಂದೇ ಬಿತ್ತು. ನಾಲ್ಕನೆಯದರಲ್ಲಿ ಹಳೆಯ ದಿನಗಳ ವಾಮನ ಬಂದು ನಿಂತಂತಾಯಿತು: ಐದಕ್ಕೆ ನಾಲ್ಕು. ಒಟ್ಟು ಹತ್ತು. ಕೊನೆಯ ಕಟ್ಟೆಯಲ್ಲಿ ಮೂರು ಬೇಕಿತ್ತು. (ನಾನು ಎಷ್ಟು ಹೊಡೆದೆನೆಂದು ಯಾರೂ ಕೇಳಿಲ್ಲ, ಹೇಳುವುದೂ ಇಲ್ಲ.)

ಐದನೆಯ ಕಟ್ಟೆಯ ಎಡಬದಿಗೆ, ಕಬ್ಬಿಣದ ತಗಡು ಹೊದಿಸಿದ ಗೂಡಿನಲ್ಲಿ ಬಬನ್ ಎಂಬ ಐವತ್ತರ ಮನುಷ್ಯ ಕೂತು ಯಂತ್ರಕ್ಕೆ ತಟ್ಟೆ ತುಂಬುತ್ತಿದ್ದ. ವಾಮನ ಮೊದಲನೆಯದನ್ನು ಹೊಡೆದ. ಎರಡು ತಪ್ಪಿದವು. ನಾಲ್ಕನೆಯದು ಒಡೆಯಿತು. ಹನ್ನೆರಡು. ಅವನು ಕೈ ಒರೆಸಿಕೊಂಡು, ಕಾಡತೂಸು ತುಂಬಿ, ನನ್ನ ಕಡೆ ತಿರುಗದೆ "ಪುಲ್" ಎಂದ. ಈ ಸಲ ಹಮಾಲನನ್ನು ಕರೆದಂತಿರಲಿಲ್ಲ.

ತಟ್ಟೆ ಸೂರ್ಯನ ಕಡೆಯಿಂದ ಬಂತು. ಗುಂಡು ಹಾರಿತು. ತಟ್ಟೆಯ ಸುತ್ತ ಕಪ್ಪು ಪುಡಿ ಎದ್ದದ್ದು ನನಗೆ ಸ್ಪಷ್ಟವಾಗಿ ಕಂಡಿತು. ತುಂಡು ಹಾರಿತೇ? ಹಾರಿದಂತೆ ಕಂಡಿತು. ಬೇರೆ ಯಾರೇ ಆಗಿದ್ದರೂ ಹಿಟ್ ಕೊಡುತ್ತಿದ್ದೆ. ಆದರೆ ಹಾಗೆ ಕಂಡಿತೇ, ಹಾಗೆ ಕಾಣಲೆಂದು ನಾನೇ ಬಯಸಿದೆನೇ? ಚಾಕಣದಲ್ಲಿ ಇಂಥ ಅನುಮಾನಕ್ಕೆ ಒಂದೇ ಬಣ್ಣವಿತ್ತು.

"ಲಾಸ್ಟ್," ಎಂದೆ, ಗಟ್ಟಿಯಾಗಿ.

ವಾಮನ ಬಂದೂಕು ತೆರೆದು ಖಾಲಿ ಕಾಡತೂಸು ತೆಗೆದ. "ಸೈ," ಎಂದ. ಕಾರ್ಡಿಗೆ ಇಬ್ಬರೂ ಸಹಿ ಹಾಕಿದೆವು. ನನ್ನ ಸಹಿ ಬಹಳ ದಿನಗಳ ಮೇಲೆ ಅಂದವಾಗಿ ಬಿದ್ದಿತ್ತು.

ಅವನು ಬಂದೂಕನ್ನು ಪೆಟ್ಟಿಗೆಗೆ ಇಡಲು ಕಾರಿನತ್ತ ಹೋದ. ನಾನು ಎಲ್ಲರೂ ಕೊಡುವಂತೆ ಬಬನ್‌ಗೆ ಚಹಾಕ್ಕೆಂದು ನೂರು ರೂಪಾಯಿ ಕೊಟ್ಟೆ. ಅವನು ಅದನ್ನು ಜೇಬಿಗಿಟ್ಟು, "ಕಾಕಾ, ಶೇವಟಚೀ ಲಾಸ್ಟ್ ಕಾ ದಿಲೀ?" ಎಂದ. ಕೊನೆಯದನ್ನು ಯಾಕೆ ಲಾಸ್ಟ್ ಕೊಟ್ಟಿರಿ? ತುಂಡು ತನ್ನ ಗೂಡಿನ ತಗಡಿನ ಮೇಲೆಯೇ ಟಣ್ ಎಂದು ಬಿತ್ತಲ್ಲ! ಎದ್ದು ಹೋಗಿ ತೆಗೆದು ತಂದ. ಹೆಬ್ಬೆರಳಿನಷ್ಟು, ಕಿತ್ತಳೆ ಬಣ್ಣ ಬಳಿದ ಕಪ್ಪು ಅಂಚು. ಮುಚ್ಚಳ ಹಾಕಿದ್ದ ನನ್ನ ಕಿವಿಗೆ ಆ ಸದ್ದು ಬಿದ್ದಿರಲಿಲ್ಲ.

ನಾನು ಆ ತುಂಡು ಹಿಡಿದು ಓಡಿದೆ. ಅರವತ್ತೆಂಟರ ವಯಸ್ಸಿನಲ್ಲಿ ಓಡಿದೆ ಎಂದರೆ ಹೇಗೋ ಹಾಗೆ.

"ವಾಮನ, ಹದಿಮೂರು! ಕಡೀದು ಒಡದದ ಮಾರಾಯ! ನೋಡಿಲ್ಲೆ, ತಗಡಿನ ಮ್ಯಾಲ ಬಿದ್ದಿತ್ತು."

ಅವನು ತುಂಡನ್ನು ಅಂಗೈ ಮೇಲಿಟ್ಟುಕೊಂಡು ಬೆರಳಿನಿಂದ ತಡವಿದ. ನಂತರ ಕಾಲಿನಿಂದ ನೆಲ ಕೆದರಿದ. ಹುಲ್ಲಿನಡಿ ಅಂಥವೇ ನೂರಾರು ತುಂಡುಗಳಿದ್ದವು.

"ಬಬನ್‌ನ ಕೇಳು ಬೇಕಾದ್ರ. ಅವನ ಹೇಳಿದ್ದು."

"ಎಷ್ಟು ಕೊಟ್ಟಿ ಅವಗ?"

"ಏನು?"

"ಈಗ ಕಿಸೆದಾಗ ಕೈ ಹಾಕಿದ್ಯಲ್ಲ. ಅಷ್ಟು ಕಾಣ್ತದ ನಂಗ."

"ನೂರು. ಚಹಾಕ್ಕ ಕೊಟ್ಟೆ. ಎಲ್ಲಾರೂ ಕೊಡ್ತಾರಲ್ಲೋ!"

"ಸಾಕ್ಷಿ ಭಾಳ ಅಗ್ಗ ಸಿಕ್ಕಾನ," ಎಂದು ನಕ್ಕ. ಸಿಟ್ಟಿನ ನಗೆಯಲ್ಲ. ಸಿಟ್ಟು ಮಾಡಿದ್ದರೆ ನಾನೂ ಕೂಗಾಡಬಹುದಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು, "ಎರಡನೇ ಕಟ್ಟಿ ಮ್ಯಾಲ ನೀ ಹಂಗ ಮಾಡಿರಲಿಲ್ಲಂದ್ರ ನಂಬತಿದ್ದೆ. ನಿಂದೇನೂ ತಪ್ಪಿಲ್ಲ. ಗೆಳ್ಯಾನ ಬುದ್ಧಿ ಅದು. ನಡಿ, ಬಿಸಲು ಏರ್ತು," ಎಂದ.

ಕಾರ್ಡು ತೋರಿಸಿದೆ, ತಿದ್ದುತ್ತೇನೆಂದೆ. ಸಹಿಯಾದ ಮೇಲೆ ತಿದ್ದುವುದಿಲ್ಲ ಎಂಬ ನಿಯಮವನ್ನು ಅವನು ನನಗೇ ಹೇಳಿಕೊಟ್ಟ. ಆಣೆ ಮಾಡುತ್ತೇನೆಂದೆ, ಯಾವುದರ ಮೇಲೆ ಎಂದು ಕೇಳಿದ. 

ಘಾಟಿನಲ್ಲಿ ಕಾರು ನಿಲ್ಲಿಸಲು ಹೇಳಿ, ರಸ್ತೆಬದಿಯ ಹೆಂಗಸಿನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿ ಒಂದು ಬುಟ್ಟಿ ಸೀತಾಫಲ ಕೊಂಡ. ಅರ್ಧ ನನ್ನ ಮನೆಗೆ ಎಂದ. ಪುಣೆ ಸೇರುವವರೆಗೂ ಅಂಗಡಿಯ ಹಳೆಯ ಗಿರಾಕಿಗಳ ಕತೆ ಹೇಳಿ ನನ್ನನ್ನು ನಗಿಸಲು ನೋಡಿದ. ನಾನು ಎರಡು ಸಲ ನಕ್ಕೆ. ನನ್ನ ಒಂದು ಸುಳ್ಳನ್ನು ಅವನು ಹತ್ತು ನಿಮಿಷದಲ್ಲಿ ಕ್ಷಮಿಸಿದ್ದ. ನನ್ನ ಸತ್ಯವನ್ನೂ ಅಷ್ಟೇ ಉದಾರವಾಗಿ ಕ್ಷಮಿಸಿಬಿಟ್ಟ.

ಬುಧವಾರ ವಾಮನ ಬಂದೂಕನ್ನು ಕ್ಯಾಂಪಿನ ಆಯುಧದ ಅಂಗಡಿಗೆ ಒಪ್ಪಿಸಿದ. ಜನವರಿಯಲ್ಲಿ ಅದು ಸಾತಾರದ ಕಡೆಯವರೊಬ್ಬರಿಗೆ ಮಾರಾಟವಾಯಿತು.