ಟೋ ಮಾವನ ಮನೆಗೆ ಕೇಳದ ಮೈಕು

ಟೋರ್ಕಿಲ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಡೆನ್ಮಾರ್ಕಿನ ಬಂದರೊಂದರಲ್ಲಿ ಮೂವತ್ತೆಂಟು ವರ್ಷ ಕ್ರೇನುಗಳ ವೈರಿಂಗ್ ಮಾಡಿ ನಿವೃತ್ತನಾಗಿ, ಥಾಯ್ಲೆಂಡಿನ ಈಶಾನ್ಯದ ಈ ಹಳ್ಳಿಯ ಲಮ್ದುವನ್‌ಳನ್ನು ಮದುವೆಯಾಗಿ, ಇಲ್ಲೇ ಮನೆ ಕಟ್ಟಿಸಿ ಹನ್ನೊಂದು ವರ್ಷವಾಗಿತ್ತು. ಅವನ ಹೆಸರು ಪೂರ್ತಿಯಾಗಿ ಯಾರ ನಾಲಿಗೆಗೂ ಹೊರಳಲಿಲ್ಲ. ಊರಿಗೆಲ್ಲ ಅವನು ಟೋ ಮಾವ.

ಮಾವ ಅನ್ನಿಸಿಕೊಂಡರೂ ಸಿಟ್ಟು ಇಳಿಯಲಿಲ್ಲ. ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಾಗ ಒಗೆದು ಹಾಕಿದ ಅಂಗಿಗಳ ಮೇಲೆ ಕರಿ ಬೂದಿ ಬೀಳುತ್ತದೆಂದು ಸಿಟ್ಟು. ಮೂರು ತಿಂಗಳಿಗೊಮ್ಮೆ ವೀಸಾ ಕಚೇರಿಗೆ ಹೋಗಿ, ತಾನು ಅದೇ ಮನೆಯಲ್ಲೇ ಇದ್ದೇನೆಂದು ಬರೆದುಕೊಡಬೇಕಲ್ಲ ಎಂದು ಸಿಟ್ಟು. ಬ್ರೆಡ್ಡಿಗೆ ಸಕ್ಕರೆ ಹಾಕುತ್ತಾರೆ, ಬಿಯರಿಗೆ ಐಸು ಹಾಕುತ್ತಾರೆ. ನಾಳೆ ಬರುತ್ತೇನೆಂದ ಗಾರೆಯವನು ಹನ್ನೆರಡು ದಿನ ತಲೆಹಾಕದೆ, ಹದಿಮೂರನೆಯ ದಿನ ಬಂದು ನಗುತ್ತ "ಊಟ ಆಯ್ತಾ ಮಾವ?" ಅನ್ನುತ್ತಾನೆ. ಟೋರ್ಕಿಲ್ ಕೂಗಾಡಿದಷ್ಟೂ ಎದುರಿನವರು ಇನ್ನಷ್ಟು ನಗುತ್ತಿದ್ದರು. ಕೂಗಾಡುವವನ ಮಾನ ಉಳಿಯಲಿ ಎಂದೇ ಅವರು ನಗುವುದು ಅನ್ನುವ ಸಂಗತಿ ಈ ಮನುಷ್ಯನ ತಲೆಗೆ ಹೋಗಲೇ ಇಲ್ಲ.

ಇವೆಲ್ಲ ಒಂದು ತೂಕವಾದರೆ ಮೈಕಿನದೇ ಒಂದು ತೂಕ. ಅವನು ಮಲಗುವ ಕೋಣೆಯ ಕಿಟಕಿಗೆ ನಾಲ್ಕು ಮಾರು ದೂರದಲ್ಲಿ ಕಂಬ, ಕಂಬದ ಮೇಲೆ ಕಿಟಕಿಗೇ ಮುಖಮಾಡಿದ ಧ್ವನಿವರ್ಧಕ. ದಿನಾ ಬೆಳಗಿನ ಐದೂವರೆಗೆ ಮೊದಲು ಎರಡು ಹಾಡು. ಆಮೇಲೆ ಊರ ಯಜಮಾನ ಸಮ್ರಿತ್ ತನ್ನ ಮನೆಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದ. ನೀರು ಯಾವಾಗ ಬಿಡುತ್ತಾರೆ, ನಾಯಿಗಳಿಗೆ ಸೂಜಿ ಹಾಕುವವರು ಯಾವತ್ತು ಬರುತ್ತಾರೆ, ಯಾರ ಎಮ್ಮೆ ಯಾರ ಗೆಣಸಿನ ಹೊಲಕ್ಕೆ ನುಗ್ಗಿದೆ, ಎಲ್ಲವೂ ಅದರಲ್ಲೇ. ಟೋರ್ಕಿಲ್ ದಿಂಬನ್ನು ತಲೆಯ ಮೇಲೆ ಒತ್ತಿಕೊಂಡು ತನ್ನ ಭಾಷೆಯಲ್ಲಿ ಬೈಯುತ್ತಿದ್ದ.

ನಾಲ್ಕು ಸಲ ಸಮ್ರಿತ್‌ನ ಮನೆಗೆ ಹೋಗಿ ದೂರು ಹೇಳಿಬಂದ. ನಾಲ್ಕೂ ಸಲ ತಣ್ಣಗಿನ ನೀರು ಸಿಕ್ಕಿತು, ನಗು ಸಿಕ್ಕಿತು.

"ಆಯ್ತು ಮಾವ, ನೋಡೋಣ. ನೀವು ತಲೆ ಕೆಡಿಸ್ಕೋಬೇಡಿ."

"ನೋಡೋದೇನು? ಅದರ ಮೂತಿ ಆ ಕಡೆ ತಿರುಗಿಸು, ಸಾಕು."

"ಅದೂ ಸರಿನೇ," ಎಂದ ಸಮ್ರಿತ್. ತಿರುಗಿಸಲಿಲ್ಲ.

ಮನೆಯಲ್ಲಿ ಲಮ್ದುವನ್ ಅಕ್ಕಿ ನೆನೆಹಾಕುತ್ತ ತಗ್ಗಿದ ದನಿಯಲ್ಲಿ ಹೇಳಿದಳು: "ಪದೇ ಪದೇ ಹೋಗಿ ಕೇಳ್ಬೇಡಿ ಟೋ. ಸಂತೆಗೆ ಹೋದ್ರೆ ಹೆಂಗಸ್ರು ಏನೂ ಅನ್ನಲ್ಲ. ಅನ್ನದೇ ಇರೋದೇ ನನಗೆ ಕಷ್ಟ."

"ಅನ್ನದೇ ಇರೋದು ಕಷ್ಟವಂತೆ! ಈ ಊರಲ್ಲಿ ಬಾಯಿ ಬಿಟ್ಟು ಮಾತಾಡೋನು ನಾನೊಬ್ಬನೇ."

ಮಾರನೆಯ ದಿನ, ಮಂಗಳವಾರ ಮಧ್ಯಾಹ್ನ, ಬಿಸಿಲಿಗೆ ಊರೆಲ್ಲ ಮಲಗಿದ್ದಾಗ, ಅವನು ಏಣಿ ತಂದ. ಬಂದರಿನ ಕಾಲದ ಕಟಿಂಗ್ ಪ್ಲೇಯರ್ ಇನ್ನೂ ಹರಿತವಾಗಿತ್ತು. ಕಂಬದ ಡಬ್ಬಿಯ ಮುಚ್ಚಳ ತೆಗೆದು, ಒಳಗಡೆ ಯಾರಿಗೂ ಕಾಣದ ಜಾಗದಲ್ಲಿ ತಂತಿ ಕತ್ತರಿಸಿ, ಮುಚ್ಚಳವನ್ನು ಇದ್ದ ಹಾಗೇ ಕೂರಿಸಿದ. ಓಣಿಯ ಮುಂದಿನ ಮೂರು ಮೈಕುಗಳಿಗೂ ಇದೇ ತಂತಿ ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಮೈಕು ಕೂಗದಿದ್ದರೆ ಯಾರ ಗಂಟೇನೂ ಹೋಗುವುದಿಲ್ಲ ಅಂದುಕೊಂಡ. ಕೆಲಸ ಅಚ್ಚುಕಟ್ಟಾಗಿ ಮುಗಿಯಿತೆಂದು ಖುಷಿಯೂ ಆಯಿತು.

ಬುಧವಾರ ಎಂಟು ಗಂಟೆಯವರೆಗೆ ನಿದ್ದೆ ಮಾಡಿದ. ಎದ್ದು ಗೇಟಿಗೆ ಹೋದರೆ, ಬಾಳೆ ಎಲೆಯಲ್ಲಿ ಸುತ್ತಿದ ಅಂಟಕ್ಕಿ ಅನ್ನ ಎಂದಿನಂತೆ ಕಂಬಿಗೆ ಸಿಕ್ಕಿಸಿತ್ತು. ಪಕ್ಕದ ಮನೆಯ ಕಾಮ್‌ಸೀ ಹೊಲಕ್ಕೆ ಹೋಗುವ ಮುಂಚೆ ದಿನಾ ಇಟ್ಟುಹೋಗುತ್ತಿದ್ದಳು. ಎಪ್ಪತ್ತೊಂದು ವಯಸ್ಸು, ಒಂಟಿ ಜೀವ, ಫೋನು ಗೀನು ಇಲ್ಲ. ಅಂಟಕ್ಕಿ ಹಲ್ಲಿಗೆ ಅಂಟುತ್ತದೆಂದು ಟೋರ್ಕಿಲ್ ದಿನಾ ಗೊಣಗುತ್ತಿದ್ದ, ದಿನಾ ತಿನ್ನುತ್ತಿದ್ದ.

ಹತ್ತು ಗಂಟೆಗೆ ಲಮ್ದುವನ್ ಸಂತೆಯಿಂದ ಓಡೋಡಿ ಬಂದಳು.

"ಥೊಂಗ್ಮಾ ಅಕ್ಕ ನಾಕು ಗಂಟೆಗೆ ಹೋಗಿಬಿಟ್ರಂತೆ. ಐದೂವರೆಗೆ ಮೈಕಲ್ಲಿ ಹೇಳಿದ್ರಂತೆ. ನಮ್ಮ ಓಣೀಲಿ ಯಾರಿಗೂ ಕೇಳ್ಲೇ ಇಲ್ವಲ್ಲ?" ಎಂದು ಅವನ ಮುಖ ನೋಡಿದಳು. ಅವನ ಕಿವಿ ಕೆಂಪಾಯಿತು. ಅವಳು ಸಾವಿನ ಮನೆಗೆ ಉಡುವ ಕರಿ ಬಟ್ಟೆ ಹುಡುಕಲು ಒಳಗೆ ಹೋದಳು.

ಥೊಂಗ್ಮಾ ಗುಡಿಯ ಕಡೆಯ ಓಣಿಯವಳು, ಕಾಮ್‌ಸೀಯ ಒಡಹುಟ್ಟಿದ ಅಕ್ಕ. ತಿಂಗಳಿಂದ ಹಾಸಿಗೆ ಹಿಡಿದಿದ್ದಳು.

ಸಾವಿನ ಮನೆಯಲ್ಲಿ ಆಗಲೇ ಹೆಂಗಸರು ಒಲೆ ಹೂಡಿದ್ದರು. ಮಧ್ಯಾಹ್ನ ಮೂರಕ್ಕೆ ಹೆಣದ ಕೈಗೆ ನೀರು ಹನಿಸುವುದು, ನಾಲ್ಕಕ್ಕೆ ಪೆಟ್ಟಿಗೆ ಮುಚ್ಚುವುದು ಎಂದು ನಿಶ್ಚಯವಾಗಿತ್ತು. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಸತ್ತವರ ಕ್ಷಮೆ ಕೇಳುವುದಕ್ಕೆ ಇರುವುದು ಆ ಒಂದು ಹೊತ್ತು ಮಾತ್ರ. ಟೋರ್ಕಿಲ್ ಸುತ್ತ ನೋಡಿದ.

"ಕಾಮ್‌ಸೀ ಎಲ್ಲಿ?"

"ಬರ್ತಾಳೆ ಬಿಡಿ ಮಾವ," ಎಂದಳು ಸತ್ತವಳ ಮಗಳು. "ಮೈಕಲ್ಲಿ ಕೇಳಿರ್ತಾಳೆ. ಏನೋ ಕೆಲಸ ಇರ್ಬೇಕು."

ಒಮ್ಮೆ ಮೈಕಿನಲ್ಲಿ ಹೇಳಿದ ಮೇಲೆ ಯಾರೂ ಮತ್ತೆ ಮನೆಗೆ ಹೋಗಿ ಕರೆಯುವುದಿಲ್ಲ. ಹೋದರೆ, ಯಾಕೆ ಬರಲಿಲ್ಲ ಎಂದು ಮುಖದ ಮೇಲೇ ಕೇಳಿದ ಹಾಗಾಗುತ್ತದೆ. ಅಷ್ಟು ಒರಟಾಗಿ ಆ ಊರಿನಲ್ಲಿ ಯಾರೂ ನಡೆದುಕೊಳ್ಳುವುದಿಲ್ಲ.

ಲಮ್ದುವನ್ ಗಂಡನ ಮಾನ ಕಳೆಯುವ ಮಾತು ಆಡಲಾರಳು. ಟೋರ್ಕಿಲ್ ಒಬ್ಬನೇ ಹೇಳಬಹುದಾಗಿತ್ತು. ಅವಳಿಗೆ ಕೇಳಿಲ್ಲ, ನಾನು ತಂತಿ ಕತ್ತರಿಸಿದ್ದೇನೆ, ಯಾರಾದರೂ ಬೈಕು ತೆಗೆಯಿರಿ, ಹೊಲ ಮೂರೇ ಮೈಲಿ ಎಂದು. ಹನ್ನೊಂದು ವರ್ಷದಿಂದ ಬಾಯಿ ಬಿಟ್ಟು ಮಾತಾಡುವವನು ತಾನೊಬ್ಬನೇ ಎಂದು ಮೆರೆದವನು, ಮಾತಾಡಲೇಬೇಕಾದ ಹೊತ್ತಿನಲ್ಲಿ ಸತ್ತವಳ ಮಗಳ ಮುಖ ನೋಡಿ ನಕ್ಕ. ಊರಿನವರ ಹಾಗೇ ನಕ್ಕ. ಮೂರು ಗಂಟೆಗೆ ಸಾಲಿನಲ್ಲಿ ನಿಂತು, ಹೂವಿನ ನೀರನ್ನು ಥೊಂಗ್ಮಾಳ ಅಂಗೈಗೆ ಹನಿಸಿದ. ನಾಲ್ಕಕ್ಕೆ ಪೆಟ್ಟಿಗೆ ಮುಚ್ಚಿದರು.

ಕಾಮ್‌ಸೀ ಐದೂಕಾಲಿಗೆ ಬಂದಳು. ಕೈಯಲ್ಲಿ ಇನ್ನೂ ಗುದ್ದಲಿ, ಕಾಲಲ್ಲಿ ಮಣ್ಣು. ದಾರಿಯಲ್ಲಿ ಯಾರೋ ಹೇಳಿದ್ದರು. ಮುಚ್ಚಿದ ಪೆಟ್ಟಿಗೆಯ ಮುಂದೆ ನಿಂತು ಅವಳು ಅಳಲೂ ಇಲ್ಲ.

"ಅಕ್ಕನಿಗೆ ಹುಷಾರಿಲ್ಲ ಅಂತ ದಿನಾ ಮೈಕಿಗೇ ಕಿವಿ ಕೊಟ್ಟಿರ್ತಿದ್ದೆ," ಎಂದಳು. "ಇವತ್ತೂ ಆರರವರೆಗೆ ಅಂಗಳದಲ್ಲೇ ಕಾದೆ. ಏನೂ ಬರ್ಲಿಲ್ಲ. ಸದ್ಯ, ಇನ್ನೂ ಇದ್ದಾಳೆ ಅಂದ್ಕೊಂಡು ಹೊಲಕ್ಕೆ ಹೋದೆ."

ಸಮ್ರಿತ್ ಮುಂದೆ ಬಂದ. ಅವಳ ಮಾತು ಕೇಳಿದವನೇ ಬೈಕಿನಲ್ಲಿ ಹೋಗಿ, ಕಂಬದ ಡಬ್ಬಿ ತೆಗೆದು ನೋಡಿಬಂದಿದ್ದ. "ತಂತಿ ಹೋಗಿತ್ತು ಅಕ್ಕ. ಇಲಿ ಕಡಿದಿದೆ," ಎಂದ.

ಟೋರ್ಕಿಲ್‌ಗೆ ಸಿಟ್ಟು ನೆತ್ತಿಗೇರಿತು. "ಇಲಿಯಲ್ಲ. ನಾನು. ಪ್ಲೇಯರ್ ತಗೊಂಡು ನಾನೇ ಕತ್ತರಿಸಿದ್ದು. ಇವನಿಗೂ ಗೊತ್ತು. ಬೈಯಿರಿ ನನಗೆ. ಯಾರಾದ್ರೂ ಒಬ್ರು ಬೈಯಿರಿ."

ಒಲೆಯ ಹತ್ತಿರದ ಹೆಂಗಸರು ಸೌಟು ನಿಲ್ಲಿಸಿದರು. ಲಮ್ದುವನ್ ನೆಲ ನೋಡುತ್ತ ಕೂತಳು. ಸಮ್ರಿತ್ ನಕ್ಕ.

"ಮಾವನಿಗೆ ಬಿಸಿಲು ತಾಗಿದೆ. ಯಾರಾದ್ರೂ ನೀರು ಕೊಡಿ."

ನೀರು ಬಂತು, ಐಸು ಹಾಕಿದ ನೀರು. ಕಾಮ್‌ಸೀ ಅವನನ್ನು ಒಂದು ಗಳಿಗೆ ನೋಡಿ, ಗುದ್ದಲಿ ಗೋಡೆಗೆ ಒರಗಿಸಿ, ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಆ ಮನೆಯಲ್ಲಿ ಒಬ್ಬರಾದರೂ ಅವನ ಕೆನ್ನೆಗೆ ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮೂರನೆಯ ದಿನ ದಹನವಾಯಿತು. ನಾಲ್ಕನೆಯ ದಿನ ಸಮ್ರಿತ್ ಇಬ್ಬರನ್ನು ಕರೆತಂದು ತಂತಿ ಜೋಡಿಸಿದ. ಕಿಟಕಿಗೆ ಮುಖಮಾಡಿದ್ದ ಧ್ವನಿವರ್ಧಕವನ್ನು ಪೂರ್ತಿ ಆ ಕಡೆಗೆ ತಿರುಗಿಸಿ ಬಿಗಿದರು. ಟೋರ್ಕಿಲ್ ಹೊರಗೆ ಓಡಿಬಂದ.

"ಮೊದಲಿದ್ದ ಹಾಗೇ ಇರಲಿ. ತಿರುಗಿಸಬೇಡ."

"ಪರವಾಗಿಲ್ಲ ಮಾವ. ನಿಮ್ಮ ನಿದ್ದೆ ಮುಖ್ಯ. ನಾವೇ ಮುಂಚೆ ಮಾಡ್ಬೇಕಿತ್ತು, ತಪ್ಪಾಯ್ತು."

"ನನಗೂ ಕೇಳಬೇಕು ಅಂತಿದ್ದೀನಿ, ಅರ್ಥ ಆಗಲ್ವಾ ನಿನಗೆ?"

"ಅದೂ ಸರಿನೇ," ಎಂದ ಸಮ್ರಿತ್.

ಈಗ ಐದೂವರೆಗೆ ಊರಿಗೆಲ್ಲ ಮೈಕು ಕೇಳುತ್ತದೆ. ಟೋರ್ಕಿಲ್‌ನ ಕೋಣೆಗೆ ಬರುವುದು ಬರೀ ಗುಂಯ್ ಅನ್ನುವ ಸದ್ದು. ಆದರೂ ಆ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ. ಲುಂಗಿ ಬಿಗಿದುಕೊಂಡು, ಹಲ್ಲು ಕಡಿಯುತ್ತ, ಕಾಮ್‌ಸೀಯ ಬೇಲಿಯವರೆಗೆ ನಡೆದುಹೋಗಿ ನಿಲ್ಲುತ್ತಾನೆ. ಬಾಳೆ ಎಲೆಯ ಪೊಟ್ಟಣ ಆಗಲೇ ಅವನ ಗೇಟಿಗೆ ಬಂದಿರುತ್ತದೆ, ಒಂದು ದಿನವೂ ತಪ್ಪಿಲ್ಲ. ಅಷ್ಟು ದೂರದಿಂದ ಅವನಿಗೆ ಅರ್ಧ ಮಾತು ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಅಂಗಳದಲ್ಲಿ ಕಾಮ್‌ಸೀ ತಲೆ ಎತ್ತಿ ಪೂರ್ತಿ ಕೇಳಿಸಿಕೊಳ್ಳುತ್ತಾಳೆ.

"ಏನಂದ್ರು ಕಾಮ್‌ಸೀ ಅಕ್ಕ? ಯಾರಿಗೇನಾಯ್ತು?"

ಅವಳು ಗುದ್ದಲಿ ಹೆಗಲಿಗೇರಿಸಿ ನಗುತ್ತಾಳೆ.

"ಏನಿಲ್ಲ ಟೋ. ಊಟ ಆಯ್ತಾ?"